ವಕೀಲರ ಹಗುರ ಚೈನು

"ಮೂರು ತಿಂಗಳು! ಬರೇ ಮೂರು ತಿಂಗಳು! ಆಮ್ಯಾಲ ಈ ಕರೀ ಕೋಟು ನನಗ ದೊಗಳಿ ಆಗದಿದ್ರ ವಕೀಲಕೀನ ಬಿಟ್ಟುಬಿಡ್ತೀನಿ!"

ಹಾವೇರಿ ಕೋರ್ಟಿನ ವಕೀಲ ವಿಜಯಮಹಾಂತೇಶರು ಈ ಭೀಷ್ಮಪ್ರತಿಜ್ಞೆ ಮಾಡಿದ್ದು ಮೂರನೆಯ ಹೋಳಿಗೆಯ ಮೇಲೆ ತುಪ್ಪ ಸುರಿದುಕೊಳ್ಳುತ್ತ. ಎರಡು ಸಾವಿರದ ಆರರ ದೀಪಾವಳಿ ಆಗತಾನೇ ಮುಗಿದಿತ್ತು. ಡಾಕ್ಟರು ಅವರನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ಮುಳ್ಳು ನೂರಾ ಎರಡಕ್ಕೆ ಹಾರಿದ್ದನ್ನು ಕಂಡು, "ಲಗೂನ ತೂಕ ಇಳಿಸ್ರಿ, ಇಲ್ಲಂದ್ರ ಹಾರ್ಟು ತಕರಾರು ಅರ್ಜಿ ಹಾಕತೈತಿ" ಎಂದು ಎಚ್ಚರಿಸಿದ್ದರು. ಅಂದಿನಿಂದ ಹೆಂಡತಿ ಸುಧಾರಾಣಿಗೆ ಊಟ ರುಚಿಸುತ್ತಿರಲಿಲ್ಲ. ಗಂಡ ಮನೆಯ ಮೆಟ್ಟಿಲು ಹತ್ತುವಾಗ ನಡುವೆ ಎರಡು ಸಲ ನಿಂತು ಏದುಸಿರು ಬಿಡುವುದನ್ನು ಕೇಳಿದರೆ ಆಕೆ ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಓಡಿಬರುತ್ತಿದ್ದಳು.

"ಮುಂಜಾನೆ ನನ್ನ ಸಂಗಡ ನಾಕು ಹೆಜ್ಜಿ ಅಡ್ಡಾಡ್ರಿ. ತುಪ್ಪ ಬಿಡ್ರಿ. ಸಾಕು," ಎಂದಳು ಆಕೆ.

"ಅಡ್ಡಾಡೋದಾ? ಅದು ಹಳೇ ಕಾಲದ್ದು! ನಾ ಸೈಕಲ್ ತುಳಿಯಾಂವ!"

ಬಂತು, ಇಪ್ಪತ್ತೊಂದು ಗೇರಿನ ಗುಡ್ಡ ಹತ್ತುವ ಸೈಕಲ್! ಹಾವೇರಿಯೊಳಗೆ ಹತ್ತಲು ಗುಡ್ಡ ಎಲ್ಲಿದೆ ಎಂದು ಸುಧಾರಾಣಿ ಕೇಳಿದಳು. ಮುಂದೆ ಎಂದಾದರೂ ಹುಟ್ಟಿದರೆ ಇರಲಿ ಎಂದರು ವಕೀಲರು.

ಮೊದಲ ವಾರ ಬಸ್ ಸ್ಟ್ಯಾಂಡಿನವರೆಗೆ ಹೋಗಿ ಬರುವಷ್ಟರಲ್ಲಿ ನಾಲಿಗೆ ಹೊರಬಂತು. ತಪ್ಪು ಯಾರದು? ವಕೀಲರು ಕಕ್ಷಿದಾರನನ್ನು ಎಂದಾದರೂ ಬಿಟ್ಟುಕೊಟ್ಟಾರೆಯೇ? ಇಲ್ಲಿ ಕಕ್ಷಿದಾರ ಅವರ ಸ್ವಂತ ಹೊಟ್ಟೆ! ತಪ್ಪೆಲ್ಲ ಸೈಕಲ್ಲಿನ ತೂಕದ್ದು ಎಂದು ತೀರ್ಪಾಯಿತು. ಇಂಟರ್ನೆಟ್ ಸೆಂಟರಿನಲ್ಲಿ ಎರಡು ಸಂಜೆ ಕುಳಿತು ಅವರು ಒಂದು ಮಹಾಸತ್ಯವನ್ನು ಕಂಡುಹಿಡಿದರು. ಹೊರದೇಶದಲ್ಲಿ ಹಗುರವಾದ ಚೈನು ಸಿಗುತ್ತದೆ, ಅದರ ಕೊಂಡಿಕೊಂಡಿಗೂ ತೂತು ಕೊರೆದು ಭಾರ ತೆಗೆದಿರುತ್ತಾರೆ. ಹಲ್ಲಿನ ಚಕ್ರಗಳೂ ಅಲ್ಯೂಮಿನಿಯಮ್ಮಿನವು. ಬೆಲೆ ಒಂದು ಒಳ್ಳೆಯ ಎತ್ತಿನಷ್ಟು.

"ಒಟ್ಟು ಎಷ್ಟು ಹಗುರಾಗತೈತಿ ಗೊತ್ತೇನ ಸುಧಾ? ಮುನ್ನೂರ ನಲವತ್ತು ಗ್ರಾಂ!"

"ಅಷ್ಟು ತುಪ್ಪ ವಾರಕ್ಕ ನಿಮ್ಮ ಗಂಗಾಳದಾಗ ಬೀಳತೈತಿ."

ವಕೀಲರು ಈ ಸಾಕ್ಷ್ಯವನ್ನು ದಾಖಲಿಸಿಕೊಳ್ಳಲಿಲ್ಲ.

ಸಾಮಾನು ಜನವರಿ ಕೊನೆಗೆ ಬಂತು. ಜೋಡಿಸಲು ರಾಣೆಬೆನ್ನೂರಿನ ಯೂಸುಫಸಾಬನೇ ಆಗಬೇಕು. ನಲವತ್ತು ವರ್ಷ ಸೈಕಲ್ ರಿಪೇರಿ ಮಾಡಿದ ಆತ ಆ ಚೈನನ್ನು ಅಂಗೈಯಲ್ಲಿ ತೂಗಿ ನೋಡಿದ. ಆಮೇಲೆ ವಕೀಲರನ್ನು ಕಣ್ಣಿನಲ್ಲೇ ತೂಗಿ ನೋಡಿದ.

"ವಕೀಲ್ ಸಾಹೇಬ್ರ, ಇದು ರೇಸಿನ ಹುಡುಗ್ರ ಸಾಮಾನ್ರಿ. ಐವತ್ತು ಕೇಜಿ ಆಸಾಮಿ ಕುಂತ್ರ ಹಾರತೈತಿ. ನಿಮಗ ಉಕ್ಕಿಂದ ಚಲೋರಿ."

"ಯೂಸುಫಸಾಬ, ನಿನಗ ತಂತ್ರಜ್ಞಾನ ತಿಳಿಯಂಗಿಲ್ಲ."

"ಖರೇರಿ. ತೂಕ ಅಷ್ಟ ತಿಳೀತೈತಿ," ಎಂದು ಆತ ಚೈನು ಹಾಕಿಕೊಟ್ಟ. ಜೊತೆಗೆ ಒಂದು ಪುಟ್ಟ ಶೀಶೆ ಕೈಗಿಟ್ಟ. "ದಿನಾ ಅರಿವಿಲೆ ಒರಸ್ರಿ. ಈ ಎಣ್ಣಿ ಎರಡ ಹನಿ, ಅಷ್ಟ. ಬ್ಯಾರೆ ಎಣ್ಣಿ ಹಾಕಬ್ಯಾಡ್ರಿ, ಧೂಳು ಮೆತ್ತಿ ಹಲ್ಲು ತಿಂದ್ಹಾಕತೈತಿ."

ಮುಂದಿನ ಗುರುವಾರ ಬ್ಯಾಡಗಿಯ ಮೆಣಸಿನಕಾಯಿ ಯಾರ್ಡಿನಲ್ಲಿ ಸುಧಾರಾಣಿಯ ತಂದೆ ನಿಜಲಿಂಗಪ್ಪನವರ ಹೊಸ ದಲಾಲಿ ಅಂಗಡಿಯ ಪೂಜೆ ಇತ್ತು. ಹನ್ನೊಂದಕ್ಕೆ ಮಂಗಳಾರತಿ.

"ನಾ ಹಾವೇರಿಯಿಂದ ಸೈಕಲ್ ಮ್ಯಾಲೇನ ಬರಾಂವ!" ಎಂದರು ವಕೀಲರು.

ಸುಧಾರಾಣಿ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. "ಆತು. ಮಂಗಳಾರತಿಯೊಳಗ ತುಳ್ಕೊಂತ ಬಂದು ಇಳೀರಿ. ಜೀವ ಇರೂತನಕ ನಿಮ್ಮ ಗಂಗಾಳದ ಕಡೆ ಕಣ್ಣೆತ್ತಿ ನೋಡಂಗಿಲ್ಲ. ಆಗಲಿಲ್ಲಂದ್ರ, ಉಣ್ಣೋದು, ಅಡ್ಡಾಡೋದು ಎಲ್ಲಾ ನಾ ಹೇಳಿದಂಗ. ಕಬೂಲ?"

"ಕಬೂಲ!" ಎಂದ ವಕೀಲರ ಕಣ್ಣ ಮುಂದೆ ಹೋಳಿಗೆಗಳು ಸಾಲಾಗಿ ಮೆರವಣಿಗೆ ಹೊರಟವು.

ಗುರುವಾರ ಬೆಳಿಗ್ಗೆ ಸುಧಾರಾಣಿ ಬಸ್ಸಿಗೆ ಹೋದಳು. ವಕೀಲರು ಶೀಶೆ ತೆರೆದರೆ ಅದು ಖಾಲಿ! ಎರಡೇ ಹನಿ ಹಾಕುವ ಜಿಪುಣತನ ಅವರ ಮನೆತನದಲ್ಲೇ ಇರಲಿಲ್ಲ. ಅವರ ಅಜ್ಜ ಚಕ್ಕಡಿಯ ಗಾಲಿಗೆ ಎಣ್ಣೆ ಸುರಿದಷ್ಟೂ ಎತ್ತುಗಳು ಹಗುರಾಗಿ ಓಡುತ್ತಿದ್ದವಂತೆ. ಚಕ್ಕಡಿಗಾದದ್ದು ಸೈಕಲ್ಲಿಗೆ ಆಗದೇ? ಅಡುಗೆಮನೆಯಿಂದ ಕುಸುಬಿ ಎಣ್ಣೆಯ ಡಬ್ಬಿ ತಂದು, ಚೈನಿಗೆ ಒಂದು ಸೌಟು ತುಂಬ ಅಭ್ಯಂಜನ ಮಾಡಿಸಿ ಎಂಟಕ್ಕೆ ಹೊರಟರು.

ಹೈವೇ ಮೇಲೆ ಸೈಕಲ್ ನಿಜಕ್ಕೂ ಹಾರಿತು! ಇಬ್ಬರು ಹಾಲಿನವರನ್ನೂ ಒಂದು ಎಮ್ಮೆಯನ್ನೂ ಹಿಂದೆ ಹಾಕಿದ ವಕೀಲರು ಮೋಟೆಬೆನ್ನೂರಿನಲ್ಲಿ ಬ್ಯಾಡಗಿಯ ಕಡೆ ಹೊರಳಿದರು. ಅಲ್ಲಿ ಶುರುವಾಯಿತು ಗ್ರಹಚಾರ. ಗುರುವಾರ ಎಂದರೆ ಯಾರ್ಡಿಗೆ ಮಾಲು ಬರುವ ದಿನ. ಚೀಲ ಹೇರಿದ ಟ್ರ್ಯಾಕ್ಟರುಗಳು ರಸ್ತೆ ತುಂಬ. ಎದುರುಗಾಳಿ ತಪ್ಪಿಸಿಕೊಳ್ಳುವ ಜಾಣತನದಿಂದ ವಕೀಲರು ಒಂದು ಟ್ರ್ಯಾಕ್ಟರಿನ ಬೆನ್ನಿಗೆ ಅಂಟಿಕೊಂಡರು. ಚೀಲಗಳಿಂದ ಉದುರುವ ಬೀಜ, ಪುಡಿ, ತೊಟ್ಟು ಎಲ್ಲವೂ ಎಣ್ಣೆ ಕುಡಿದ ಚೈನಿಗೆ ಮೆತ್ತಿಕೊಂಡು, ಹಲ್ಲುಗಳ ನಡುವೆ ಸಿಕ್ಕು, ಚೈನು ಕರಕರ ಎಂದು ರಂಜಕದ ಚಟ್ನಿ ಅರೆಯತೊಡಗಿತು.

ಟ್ರ್ಯಾಕ್ಟರಿನ ಚೀಲಗಳ ಮೇಲೆ ಕುಳಿತಿದ್ದವನು ಮಾವನ ಅಂಗಡಿಯ ಹಮಾಲ ಸಲಾವುದ್ದೀನ. "ಅಳಿಯಂದಿರ! ಸೈಕಲ್ ಖಾರದ ಘಾಟು ಹೊಡ್ಯಾಕತ್ತೈತ್ರಿ! ಮ್ಯಾಲ ಬರ್ರಿ!"

"ನಾ ತುಳ್ಕೊಂತನ ಬರಾಂವ!" ಎಂದು ವಕೀಲರು ಸೀನಿದರು.

ಚೈನು ಹಲ್ಲು ಬಿಟ್ಟು ಹಾರತೊಡಗಿತು. ಟಕ್! ಟಕ್! ಹತ್ತೂ ನಲವತ್ತು. ಯಾರ್ಡಿನ ಗೇಟು ಕಾಣುತ್ತಿದೆ! ಜೀವಮಾನದ ಹೋಳಿಗೆಗಳನ್ನು ನೆನೆದು ವಕೀಲರು ಸೀಟಿನಿಂದ ಎದ್ದು, ಇಡೀ ದೇಹವನ್ನು ಒಂದೇ ಕಾಲಿನ ಮೇಲೆ ಹೇರಿ ತುಳಿದರು.

ಪಟಾರ್!

ತೂತಿನ ಚೈನು ಎರಡು ತುಂಡಾಗಿ ರಸ್ತೆಗೆ ಬಿತ್ತು. ಹಿಂದಿನ ಚಕ್ರದ ಹಲ್ಲುಗಳು ತಿಂದು ಎಸೆದ ಗೋವಿನಜೋಳದ ತೆನೆಯಂತಾಗಿದ್ದವು. ಹಾಕಿಸಿ ಇನ್ನೂ ಹತ್ತು ದಿನವಾಗಿರಲಿಲ್ಲ! ವಕೀಲರು ಮಾತ್ರ ರಸ್ತೆ ಪಕ್ಕ ಒಣಗಲು ಹರವಿದ್ದ ಮೆಣಸಿನಕಾಯಿಯ ಮೇಲೆ ಸುಖವಾಗಿ ಇಳಿದಿದ್ದರು. ನಾಲ್ವರು ಹಮಾಲರು ಉಸಿರುಕಟ್ಟಿ ಅವರನ್ನೂ, ಸಲಾವುದ್ದೀನ ಒಂದೇ ಕೈಯಲ್ಲಿ ಸೈಕಲ್ಲನ್ನೂ ಟ್ರ್ಯಾಕ್ಟರಿಗೆ ಏರಿಸಿದರು.

ಅಂಗಡಿ ಕಟ್ಟೆಯ ಮೇಲೆ ಸುಧಾರಾಣಿ ಹತ್ತು ಗಂಟೆಯಿಂದ ದಾರಿ ನೋಡುತ್ತ ನಿಂತಿದ್ದಳು. ಚೀಲಗಳ ಮೇಲೆ ನೆತ್ತಿಯಿಂದ ಪಾದದವರೆಗೆ ಕೆಂಪಾಗಿ ಬಿದ್ದಿದ್ದ ಗಂಡನನ್ನು ಕಂಡು, "ಅಯ್ಯೋ, ಏನಾತ್ರೀ!" ಎಂದು ಚೀರಿ ಓಡಿಬಂದಳು. ವಕೀಲರು ಉತ್ತರವಾಗಿ ಹನ್ನೊಂದು ಸಲ ಸೀನಿದರು. ರಕ್ತವಲ್ಲ, ಖಾರ ಎಂದು ತಿಳಿದ ಮೇಲೂ ಆಕೆಯ ಕಣ್ಣೀರು ನಿಲ್ಲಲಿಲ್ಲ. "ಖಾರದ ಘಾಟರಿ," ಎಂದು ಸೆರಗಿನಿಂದ ಒರೆಸಿಕೊಂಡಳು. ವಕೀಲರಿಗೆ ಮೊದಲ ಸಲ ನಾಚಿಕೆಯಾಯಿತು.

ಆದರೆ ನಾಲಿಗೆ ವಕೀಲರದು! "ಮಾವಾರ, ಹನ್ನೊಂದರೊಳಗ ಬಂದೀನಿ. ಸೈಕಲ್ ಸಂಗಡಾನ ಬಂದೀನಿ."

ನಿಜಲಿಂಗಪ್ಪನವರು ಶಾಂತವಾಗಿ ಕೇಳಿದರು: "ಸೈಕಲ್ ನಿಮ್ಮನ್ನ ಹೊತಗೊಂಡು ಬಂತೋ, ನೀವು ಸೈಕಲ್ ಹೊತಗೊಂಡು ಬಂದ್ರೋ?"

"ಅದು ಬಿಡ್ರಿ! ಮೂರು ತಿಂಗಳು ತುಳದೀನಿ, ಹೊಟ್ಟಿ ಕರಗೇತಿ. ಅದ ಮುಖ್ಯ! ಬೇಕಂದ್ರ ಕಾಟಾಕ್ಕ ಹಚ್ಚರಿ! ಕಾಟಾ ಸುಳ್ಳು ಹೇಳಂಗಿಲ್ಲ!"

ಯಾರ್ಡಿನಲ್ಲಿ ತೂಕದ ಕಾಟಾ ಹುಡುಕಬೇಕೇ? ಸಲಾವುದ್ದೀನ ಮೊದಲು ಸೈಕಲ್ ಇಟ್ಟ. "ಹನ್ನೊಂದು ಕೇಜಿ!" ಅದನ್ನು ಇಳಿಸಿದ ಮೇಲೆ ವಕೀಲರು ಉಸಿರು ಬಿಗಿಹಿಡಿದು ಹತ್ತಿದರು. ಸಲಾವುದ್ದೀನ ಮುಳ್ಳು ನೋಡಿದ, ಕಣ್ಣುಜ್ಜಿಕೊಂಡು ಮತ್ತೆ ನೋಡಿದ. "ನೂರಾ ಆರು!"

"ಅಂಗಿಯೊಳಗ ಮೆಣಸಿನಕಾಯಿ ಅದಾವ! ಅದನ್ನ ಕಳೀರಿ!"

"ಪದ್ಧತಿ ಪ್ರಕಾರ ಚೀಲಕ್ಕ ಒಂದು ಕೇಜಿ ಕಳೀತೇವ್ರಿ. ನೂರಾ ಐದು!" ಎಂದ ಸಲಾವುದ್ದೀನ ಮೆಲ್ಲಗೆ, "ಅಳಿಯಂದಿರ, ಚೀಲ ಅಷ್ಟ ಹಗುರ ಮಾಡೀರಿ. ಮಾಲು ಮತ್ತ ತುಂಬೀರಿ," ಎಂದ.

ಪೂಜೆಗೆ ಬಂದ ವ್ಯಾಪಾರಸ್ಥರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ವಕೀಲರು ವಾದ ಮುಗಿಸಿ, ತಲೆ ತಗ್ಗಿಸಿ, ಕಾಟಾದ ಮೇಲೆಯೇ ನಿಂತಿದ್ದರು.

ನಿಜಲಿಂಗಪ್ಪನವರು ಮಗಳ ಕಡೆ ಹೊರಳಿದರು. "ಏನವಾ ಸುಧಾ, ಈ ಮಾಲು ಹದಿನೆಂಟು ವರ್ಷದ ಹಿಂದ ನೋಡಿ ಒಪ್ಪಿದಾಕಿ ನೀನ. ಈಗ ವಾಪಸ್ ಕಳಿಸೋಣಂದ್ರ ಯಾರ್ಡಿನಾಗ ಹಂಗ ಪದ್ಧತಿ ಇಲ್ಲ."

ಸುಧಾರಾಣಿ ಗಂಡನ ಕೈ ಹಿಡಿದು ಕಾಟಾದಿಂದ ಇಳಿಸಿಕೊಂಡಳು.

"ವಾಪಸ್ ಯಾಕಪ್ಪಾ? ಮಾಲು ಚಲೋನ ಐತಿ. ಜರಾ ಹಸಿ ಐತಿ, ಅಷ್ಟ. ನಾಳೆ ಮುಂಜಾನಿಯಿಂದ ಒಣಗಿಸ್ತೀನಿ."