ಪಂಚೆಗೆ ಸ್ಕ್ರೂ ಬಿಗಿದ ತಮ್ಮ

ಕಾಶಿಗೆ ಎಲ್ಲರೂ ಮುಕ್ತಿಗೆಂದು ಬರುತ್ತಾರೆ; ನನ್ನ ತಮ್ಮ ಬಂದದ್ದು ಮಣೆ ಮಾಡಲು! ನಂಬದಿದ್ದರೆ ಇಲ್ಲೇ ಶಿವಾಲ ಮೊಹಲ್ಲಾದ ನಮ್ಮ ಮನೆಗೆ ಬನ್ನಿ. ನಿಮಗೆ ಕೂರಲು ಜಾಗವಿಲ್ಲ, ಎಲ್ಲೆಲ್ಲೂ ಮಣೆಗಳೇ ಕೂತಿವೆ.

ನಾನು ಓದಿದ್ದು ಅಷ್ಟಕ್ಕಷ್ಟೆ, ನೇರವಾಗಿ ಹೇಳುತ್ತೇನೆ: ಅವನಿಗೆ ಮರದ ಹುಚ್ಚು. ಈಗ ವಯಸ್ಸಾಗಿ ಬಲಗೈ ಮಣಿಕಟ್ಟು ಸೋತಿದೆ. ಸ್ಕ್ರೂ ಅರ್ಧ ಒಳಗೆ ಹೋಗುವಷ್ಟರಲ್ಲಿ ಇವನ ಜೀವ ಅರ್ಧ ಹೊರಗೆ! ಕೈ ನಡೆಯದಿದ್ದರೆ ಮರಗೆಲಸ ನಿಂತಂತೆ. ಅದಕ್ಕೇ ಇಂಪ್ಯಾಕ್ಟ್ ಡ್ರೈವರ್ ಎಂಬ ಯಂತ್ರದ ಮೇಲೆ ಕಣ್ಣು ಬಿತ್ತು. ತಂತಿಯಿಲ್ಲ, ಬ್ಯಾಟರಿ ಸಾಕು. ಒಳಗೊಳಗೇ ಬಡಿಯುತ್ತಾ ಸ್ಕ್ರೂ ತಿರುಗಿಸುತ್ತದಂತೆ, ಕೈ ತಿರುಚುವುದಿಲ್ಲವಂತೆ.

ಆದರೆ ಮನೆಯ ಕೆಲಸಕ್ಕೆ ಅದು ಹೊಂದುತ್ತದೆಯೋ ಇಲ್ಲವೋ? ಹೆಣ್ಣು ನೋಡುವಾಗಲೂ ಇವನು ಇಷ್ಟು ಯೋಚಿಸಿರಲಿಲ್ಲ! ದಿನಾ ಹೋಗಿ ಮುಟ್ಟಿ ಮುಟ್ಟಿ ಬರುತ್ತಿದ್ದವನನ್ನು ಕಂಡು ಬೇಸತ್ತ ಅಂಗಡಿಯವನು, “ಬಾಬಾ, ಘರ್ ಲೇ ಜಾಯಿಯೇ, ಚಲಾಕೇ ದೇಖಿಯೇ” ಎಂದು, ಮನೆಯಲ್ಲೇ ಓಡಿಸಿ ನೋಡಲು ಕೈಗಿಟ್ಟು ಕಳಿಸಿದ.

“ಅಕ್ಕಾ, ಎರಡು ವರ್ಷ ಗ್ಯಾರಂಟಿ!”

“ಯಂತ್ರಕ್ಕೋ, ನಿನಗೋ?”

ಮೊದಲ ಕೆಲಸ ದೇವರ ಮಣೆ. ದೇವರದೆಂದ ಮೇಲೆ ಮಡಿ ಬೇಡವೇ? ಗಂಗೆಯಲ್ಲಿ ಮುಳುಗಿ, ಒದ್ದೆ ಪಂಚೆಯಲ್ಲೇ ಬಂದು ಕೂತ. ಬ್ಯಾಟರಿಗೆ ನೀರಾಗದೆಂದು ಯಂತ್ರಕ್ಕೊಂದಕ್ಕೆ ಸ್ನಾನದಿಂದ ವಿನಾಯಿತಿ! ಗುಂಡಿ ಒತ್ತಿದ. ಟರ್ರ್ರ್ರ್! ಕೆಳಮನೆಯ ಮುದುಕಿ, ಯಮನೇ ಬಂದನೆಂದು ಎದ್ದು ಕೂತು ಗಂಗಾಜಲ ಕೇಳಿದಳಂತೆ. ಸದ್ದು ನಿಂತ ಮೇಲೆ ಕಾಫಿ ಕೇಳಿದಳಂತೆ.

“ಏಳೋ, ಊಟಕ್ಕೆ ಬಾ.”

“ಏಳಕ್ಕಾಗ್ತಿಲ್ಲ ಅಕ್ಕಾ.”

“ಯಾಕೆ, ಮಂಡಿನೋವಾ?”

“ಪಂಚೆ. ಎದ್ರೆ ಅದು ಇಲ್ಲೇ ಉಳಿಯತ್ತೆ.”

ನೋಡಿದರೆ, ಹಲಗೆಗೂ ಮಣೆಯ ಕಾಲಿಗೂ ನಡುವೆ ಪಂಚೆಯ ಅಂಚು ಸಿಕ್ಕಿ, ಸ್ಕ್ರೂ ಜೊತೆಗೇ ಬಿಗಿದುಹೋಗಿದೆ!

“ಹಿಂದಕ್ಕೆ ತಿರುಗಿಸೋ.”

“ಸ್ಕ್ರೂ ತಲೆ ಸವೆದೋಗಿದೆ ಅಕ್ಕಾ. ಸ್ವಲ್ಪ ಜಾಸ್ತಿ ಒತ್ಬಿಟ್ಟೆ.”

ಕತ್ತರಿ ತಂದೆ. “ಮಣೆ ಜೋಪಾನ!” ಎಂದು ಕೂಗಿದ. ಮಾನದ ಚಿಂತೆ ಎಳ್ಳಷ್ಟೂ ಇಲ್ಲ!

“ಇದು ಮನೆಗಲ್ಲ ಕಣೋ, ರೈಲು ಹಳಿ ಜೋಡಿಸೋರಿಗೆ. ವಾಪಸ್ ಕೊಟ್ಬಾ,” ಎಂದೆ. ಎದುರಾಡುತ್ತಾನೆಂದುಕೊಂಡಿದ್ದೆ. ಆಗಲೇ ಹೋಗಿ ಕೊಟ್ಟು ಬಂದ.

ಮರುದಿನ ಸಂಜೆಯಾದರೂ ಮನೆಯಲ್ಲಿ ಅವನ ಸುಳಿವಿಲ್ಲ. ಹುಡುಕುತ್ತಾ ಕೇದಾರ ಘಾಟ್‌ಗೆ ಹೋದೆ. ಮೆಟ್ಟಿಲ ಮೇಲೆ ಮುದುಕರ ಸಾಲಿನಲ್ಲಿ ಕೂತಿದ್ದ. ಜಪವಿಲ್ಲ, ಹರಟೆಯಿಲ್ಲ. ಎರಡೂ ಕೈ ತೊಡೆಯ ಮೇಲೆ, ಯಾರೋ ನೋಡಿಕೊಳ್ಳಲು ಕೊಟ್ಟು ಹೋದ ಸಾಮಾನಿನಂತೆ ಬಿದ್ದಿದ್ದವು.

“ಏನೋ ಮಾಡ್ತಿದ್ದೀಯ ಇಲ್ಲಿ?”

“ಕಾಯ್ತಿದ್ದೀನಿ ಅಕ್ಕಾ. ಎಲ್ಲರ ಹಾಗೆ.”

ನಾನು ಅಳುವವಳಲ್ಲ. ಅವನ ರಟ್ಟೆ ಹಿಡಿದು ಎಬ್ಬಿಸಿದೆ. “ನಡಿ, ಅಂಗಡಿ ಮುಚ್ತಾರೆ.”

ಈಗ ಮೊದಲು ಬೈರಿಗೆಯಲ್ಲಿ ಸಣ್ಣ ತೂತು ಕೊರೆಯುತ್ತಾನೆ, ಆಮೇಲೆ ಯಂತ್ರದ ಗುಂಡಿಯನ್ನು ಮೆಲ್ಲಗೆ ಒತ್ತುತ್ತಾನೆ. ಹಲಗೆ ಅಲುಗಬಾರದಲ್ಲ, ಎದುರಿಗೆ ನಾನು ಕೂರಬೇಕು.

“ಗಟ್ಟಿಯಾಗಿ ಹಿಡಿ ಅಕ್ಕಾ. ಬೆರಳು ದೂರ ಇಡು.”

ಹಿಡಿದುಕೊಂಡಿದ್ದೇನೆ.