ಕೊರಿಯಾದ ಗಾಲ್ಫ್ ಹುಡುಗಿಗೆ ನಾನು ಕಲಿಸಿದ ಇಂಗ್ಲಿಷು

ನನಗೆ ಆದ ಅನ್ಯಾಯವನ್ನು ನಾನು ಬಹಳ ಸಲೀಸಾಗಿ ನುಂಗಿಕೊಳ್ಳುತ್ತೇನೆ. ದುಬೈಯ ಅಲ್ ಬರ್ಷಾದ ನಮ್ಮ ಇನ್ಶೂರೆನ್ಸ್ ಆಫೀಸಿನಲ್ಲಿ ನಾನು ಮಾಡಿದ ಕೆಲಸಕ್ಕೆ ಮ್ಯಾನೇಜರು ಶಾಭಾಸ್‌ಗಿರಿ ಪಡೆದರೂ ಚಪ್ಪಾಳೆ ತಟ್ಟುವವರಲ್ಲಿ ನಾನೇ ಮೊದಲಿಗ. ಆದರೆ ನನಗೆ ಸಂಬಂಧವೇ ಇಲ್ಲದವರಿಗೆ ಅನ್ಯಾಯವಾದರೆ ಮಾತ್ರ ಮೈಯೆಲ್ಲ ಉರಿಯುತ್ತದೆ. "ನಿಮಗೆ ಸಿಟ್ಟು ಮಾಡ್ಲಿಕ್ಕೂ ಬೇರೆಯವರ ಮನೆಯ ವಿಷಯವೇ ಆಗ್ಬೇಕು" ಎನ್ನುತ್ತಾಳೆ ಹೆಂಡತಿ ಶೋಭಾ. ಆ ಚಳಿಗಾಲದಲ್ಲಿ ನನ್ನ ಸಿಟ್ಟಿಗೆ ಸಿಕ್ಕಿದ್ದು ಕೊರಿಯಾದ ಮಹಿಳೆಯರ ಗಾಲ್ಫ್. ನಗಬೇಡಿ. ಅಲ್ಲಿಯವರೆಗೆ ಗಾಲ್ಫ್ ಎಂದರೆ ನನಗೆ ಮೆಟ್ರೋ ಕಿಟಕಿಯಾಚೆ ಹಾದುಹೋಗುವ ಒಂದು ಹಸಿರು ತುಂಡು, ಅಷ್ಟೇ. ಕುಡಿಯುವ ನೀರನ್ನೂ ಸಮುದ್ರದಿಂದ ಸೋಸಿ ತೆಗೆಯುವ ಊರಿನಲ್ಲಿ ಹುಲ್ಲಿಗೆ ಇಷ್ಟೊಂದು ನೀರೇ ಎಂದು ಅದರ ಮೇಲೂ ಸ್ವಲ್ಪ ಸಿಟ್ಟಿತ್ತೆನ್ನಿ.

ನಾವಿರುವ ಡಿಸ್ಕವರಿ ಗಾರ್ಡನ್ಸ್ ಬಡಾವಣೆಯಲ್ಲಿ ನಮ್ಮ ಎದುರಿನ ಫ್ಲಾಟಿಗೆ ಚೋಯ್ ಎಂಬ ಕೊರಿಯನ್ನರೊಬ್ಬರು ಮಗಳು ಮಿನ್-ಹೀಯೊಂದಿಗೆ ಬಂದಿಳಿದರು. ಚಳಿಗಾಲದಲ್ಲಿ ಅವರ ಊರಿನ ಮೈದಾನಗಳು ಹಿಮಗಟ್ಟಿ ಹೋಗುತ್ತವಂತೆ. ಇಲ್ಲಿಯ ಹುಲ್ಲಿನ ಮೇಲೆ ಅಭ್ಯಾಸ ಮಾಡಿ, ಇಲ್ಲಿಯೇ ನಡೆಯುವ ಮಹಿಳೆಯರ ಟೂರ್ನಿಯಲ್ಲಿ ಆಡುವುದು ಅವರ ಲೆಕ್ಕಾಚಾರ. ತಂದೆಗೆ ಊರಿನಲ್ಲಿ ಕನ್ನಡಕದ ಅಂಗಡಿ. ಅದನ್ನು ತಮ್ಮನಿಗೆ ವಹಿಸಿ, ಮಗಳ ಗಾಲ್ಫ್ ಚೀಲ ಹೊರಲು ಹೊರಟುಬಂದ ಮಹಾನುಭಾವ. ಹುಡುಗಿಯ ಭುಜದ ನೋವಿಗೆ ಆರೈಕೆ ಮಾಡುತ್ತಿದ್ದದ್ದು ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್ ಆಗಿರುವ ನನ್ನ ಶೋಭಾ. ಒಂದು ಸಂಜೆ ಬಂದವಳೇ ಹೇಳಿದಳು: "ಆ ಹುಡುಗಿಗೆ ಇಂಗ್ಲಿಷ್ ಕಲಿಯಬೇಕಂತೆ. ನೀವು ಕಲಿಸ್ತೀರಿ ಅಂತ ಹೇಳಿ ಬಂದೆ. ಸಂಜೆ ಹೇಗೂ ಸುಮ್ಮನೆ ಕೂತಿರ್ತೀರಲ್ಲ."

ಸುಮ್ಮನೆ! ದಿನವಿಡೀ ಗುದ್ದಿದ ಕಾರುಗಳ ಕ್ಲೇಮು ನೋಡಿ ಬಂದ ಮನುಷ್ಯ ಟಿವಿಯ ಮುಂದೆ ಕೂರುವುದಕ್ಕೆ ಸುಮ್ಮನೆ ಎನ್ನುತ್ತಾರೆಯೇ? ಆದರೂ ಒಪ್ಪಿಕೊಂಡೆ. ನನ್ನ ಇಂಗ್ಲಿಷಿನ ಬಗ್ಗೆ ನನಗಿರುವ ಅಭಿಮಾನ ಹೆಂಡತಿಗೆ ಗೊತ್ತು, ಆ ಅಭಿಮಾನದ ಉಪಯೋಗವೂ ಗೊತ್ತು.

ಇಂಗ್ಲಿಷ್ ಯಾಕೆ ಬೇಕೆಂದು ಮಿನ್-ಹೀ ಕೈ ಬಾಯಿ ಎರಡನ್ನೂ ಸೇರಿಸಿ ತಿಳಿಸಿದಳು. ಅವರ ಮಹಿಳಾ ಟೂರಿಗೆ, ಅಂದರೆ ವರ್ಷವಿಡೀ ನಡೆಯುವ ಪಂದ್ಯಗಳ ಸರಣಿಗೆ, ಈಗ ತಮ್ಮ ದೇಶವೊಂದೇ ಸಾಲುವುದಿಲ್ಲ. ವಿಯೆಟ್ನಾಮು, ಚೀನಾ ಎಂದು ಹೊರಗೂ ಪಂದ್ಯ ಇಡುತ್ತಾರೆ. ಚೆನ್ನಾಗಿ ಆಡುವವರು ಜಪಾನಿಗೆ, ಅಮೆರಿಕಕ್ಕೆ ಹೋಗಿ ಕಪ್ ಎತ್ತಿಕೊಂಡು ಬರುತ್ತಾರೆ. ಅಲ್ಲಿ ಚೆಂಡು ಹೊಡೆದರೆ ಮುಗಿಯಲಿಲ್ಲ, ಮೈಕಿನ ಮುಂದೆ ಮಾತಾಡಲೂ ಬೇಕು. ಹಾಗೆ ನಮ್ಮ ಊಟದ ಮೇಜು ದಿನಾ ಸಂಜೆ ಪತ್ರಿಕಾಗೋಷ್ಠಿಯಾಯಿತು. ಸಾಂಬಾರಿನ ಸೌಟು ಮೈಕಾಯಿತು. ನಾನು ವರದಿಗಾರ. ಏನು ಕೇಳಿದರೂ ಅವಳದ್ದು ಒಂದೇ ಉತ್ತರ: "ಥ್ಯಾಂಕ್ಯೂ, ಐ ಆ್ಯಮ್ ವೆರಿ ಹ್ಯಾಪಿ."

ಆಫೀಸಿನಲ್ಲಿ ಈ ವಿಷಯ ಹೇಳಿದ್ದೇ ತಪ್ಪಾಯಿತು. ಪಕ್ಕದ ಸೀಟಿನ ಫ್ರಾನ್ಸಿಸ್‌ಗೆ ಗಾಲ್ಫಿನ ಹುಚ್ಚು. "ಈ ಕೊರಿಯಾದ ಹೆಂಗಸರಿಂದ ಆಟವೇ ಹಾಳಾಯ್ತು ಮಾರಾಯ. ಪಟ್ಟಿ ನೋಡಿದ್ರೆ ಮೇಲಿಂದ ಕೆಳಗೆ ಅವರದ್ದೇ ಹೆಸರು. ನಗು ಇಲ್ಲ, ಮಾತು ಇಲ್ಲ. ಎಲ್ಲ ಮೆಷೀನು" ಎಂದ.

ನನಗೆ ಪಿತ್ತ ನೆತ್ತಿಗೇರಿತು. "ಬೇರೆ ದೇಶದವರು ಗೆದ್ರೆ ಪ್ರತಿಭೆ, ಇವರು ಗೆದ್ರೆ ಮೆಷೀನಾ? ಮೆಷೀನಿಗೆ ಅಂಗೈಯಲ್ಲಿ ಬೊಕ್ಕೆ ಏಳ್ತದಾ? ಮೆಷೀನಿನ ಭುಜ ಉಜ್ಜಿ ಉಜ್ಜಿ ನನ್ನ ಹೆಂಡತಿಯ ಕೈ ಸೋತುಹೋಗಿದೆ. ಚೆನ್ನಾಗಿ ಆಡುವವರು ಹೆಚ್ಚಾದ್ರೆ ಆಟ ಹಾಳಾಗುವುದು ಹೇಗೆ ಮಾರಾಯ?" ಎಂದು ಎದ್ದು ನಿಂತೇ ಕೇಳಿದೆ.

ಫ್ರಾನ್ಸಿಸ್ ತಣ್ಣಗೆ, "ಅದಿರಲಿ, ಬರ್ಡಿ ಅಂದ್ರೆ ಎಂತ ಹೇಳು ನೋಡುವ" ಎಂದ. ನಾನು ಚಹಾ ಕುಡಿಯಲು ಹೋದೆ.

ಆ ಸಂಜೆ ಮಿನ್-ಹೀ ಹೇಳಿದ ಸಂಗತಿ ಉರಿಯುವುದಕ್ಕೆ ಇನ್ನಷ್ಟು ಎಣ್ಣೆ ಸುರಿಯಿತು. ವಿಯೆಟ್ನಾಮಿನ ಒಂದು ಪಂದ್ಯದಲ್ಲಿ ಅವಳು ಮುಂದಿದ್ದಳಂತೆ. ಅಂದು ಮೈಕು ಹಿಡಿದವನು ಕೇಳಿದ ಮೊದಲ ಪ್ರಶ್ನೆ, ಮುಖಕ್ಕೆ ಯಾವ ಕ್ರೀಮು ಹಚ್ಚುತ್ತೀರಿ ಎಂದು. ಎರಡನೆಯದು, ಬಾಯ್‌ಫ್ರೆಂಡ್ ಇದ್ದಾನೆಯೇ ಎಂದು. "ಅಂಕಲ್, ಆವತ್ತು ನಾನು ಬಂಕರಿನಿಂದ, ಆ ಮರಳಿನ ಗುಂಡಿಯಿಂದ, ತುಂಬಾ ಒಳ್ಳೆಯ ಹೊಡೆತ ಹೊಡೆದಿದ್ದೆ. ಅದನ್ನು ಯಾರೂ ಕೇಳಲಿಲ್ಲ" ಎಂದು ತುಂಡು ತುಂಡು ಇಂಗ್ಲಿಷಿನಲ್ಲೇ ತಿಳಿಸಿದಳು. ದನಿ ಏರಿಸಲಿಲ್ಲ. ಸೌಟನ್ನು ಮಾತ್ರ ತಿರುಗಿಸುತ್ತಾ ಕೂತಳು.

ನಾನು ಪಾಠದ ಪುಸ್ತಕ ಮುಚ್ಚಿದೆ. ಇನ್ನು ಮುಂದೆ ಅಂಥ ಪ್ರಶ್ನೆ ಬಂದರೆ ತಲೆ ತಗ್ಗಿಸಕೂಡದು, ಇದೆಂಥ ಪ್ರಶ್ನೆ ಎಂದು ಅವನನ್ನೇ ಕೇಳಬೇಕು ಎಂದು ಹೇಳಿಕೊಟ್ಟೆ. ಹುಬ್ಬು ಎಷ್ಟು ಏರಬೇಕು, ಕೈ ಎಲ್ಲಿಗೆ ಹೋಗಬೇಕು ಎಲ್ಲವನ್ನೂ ತೋರಿಸಿದೆ. ಉತ್ಸಾಹದಲ್ಲಿ ನನ್ನ ಗಂಟಲು ಎದುರಿನ ಫ್ಲಾಟಿಗೂ ಮುಟ್ಟಿರಬೇಕು. ಚೋಯ್ ಬಂದು ಬಾಗಿಲಲ್ಲಿ ನಿಂತರು. ಮುಂದಿನ ವರ್ಷ ಅಮೆರಿಕಕ್ಕೆ ಕಳಿಸುವ ಪ್ರಾಯೋಜಕರು ಈ ಟೂರ್ನಿ ನೋಡಿ ನಿರ್ಧಾರ ಮಾಡುವವರಿದ್ದರು. ಅವರಿಗೆ ನಗುನಗುತ್ತಾ ಇರುವ ಹುಡುಗಿ ಬೇಕಂತೆ. ಚೋಯ್ ಫೋನಿಗೆ ಕೊರಿಯನ್ನಿನಲ್ಲಿ ಏನೋ ಹೇಳಿ ನನ್ನ ಮುಂದೆ ಹಿಡಿದರು. ಫೋನು ಇಂಗ್ಲಿಷಿನಲ್ಲಿ ವಿನಯದಿಂದ ಹೇಳಿತು: "ದಯವಿಟ್ಟು ನನ್ನ ಮಗಳಿಗೆ ಕೋಪ ಕಲಿಸಬೇಡಿ."

"ಅವರು ಹೇಳಿದ್ದು ಸರಿ" ಎಂದಳು ಶೋಭಾ. "ನಾಳೆ ಆ ಹುಡುಗಿಯ ಅವಕಾಶ ತಪ್ಪಿದ್ರೆ ನೀವು ಕೊಡ್ತೀರಾ?" ನಾನು ಸೌಟನ್ನು ಅಡುಗೆಮನೆಗೆ ಕೊಂಡುಹೋಗಿ ಇಟ್ಟೆ.

ಟೂರ್ನಿಯ ಕೊನೆಯ ದಿನ ನಾವಿಬ್ಬರೂ ಹೋದೆವು. ಹಗ್ಗದ ಈಚೆ ನಿಂತು, ಸುಮ್ಮನಿರಬೇಕಾದಲ್ಲೆಲ್ಲ ಚಪ್ಪಾಳೆ ತಟ್ಟಿ ಬೈಸಿಕೊಂಡೆ. ಮಿನ್-ಹೀ ಕೊನೆಯ ಕುಳಿಯವರೆಗೂ ಇನ್ನೊಬ್ಬಳ ಜೊತೆ ಮೊದಲ ಸ್ಥಾನದಲ್ಲಿ ಸಮಸಮವಾಗಿ ಆಡುತ್ತಿದ್ದಳು. ಅಲ್ಲಿ ಚೆಂಡು ಹೋಗಿ ಮರಳಿನಲ್ಲಿ ಹೂತಿತು. ಚೀಲ ಹೊತ್ತ ಚೋಯ್ ಮುಖದಲ್ಲಿ ರಕ್ತವಿಲ್ಲ. ಹುಡುಗಿ ಮರಳಿಗಿಳಿದು, ಸ್ವಲ್ಪ ಹೊತ್ತು ಚೆಂಡನ್ನೇ ನೋಡಿ ಬೀಸಿದಳು. ಮರಳು ಹಾರಿತು, ಚೆಂಡು ಮೆಲ್ಲನೆ ಬಿದ್ದು ಉರುಳಿ ಕುಳಿಗೆ ನೆಟ್ಟ ಬಾವುಟದ ಕಡ್ಡಿಯ ಪಕ್ಕದಲ್ಲೇ ನಿಂತಿತು. ಆದರೂ ಒಂದೇ ಒಂದು ಹೊಡೆತದಿಂದ ಎರಡನೆಯ ಸ್ಥಾನ.

ಮೈಕಿನವನು ಬಂದ. "ಇಷ್ಟು ಪುಟ್ಟ ಹುಡುಗಿಗೆ ಇಷ್ಟು ಶಕ್ತಿ ಎಲ್ಲಿಂದ? ನಿಮ್ಮ ಬಾಯ್‌ಫ್ರೆಂಡಿಗೆ ಹೆದರಿಕೆಯಾಗುವುದಿಲ್ಲವೇ?" ಎಂದು ನಕ್ಕ.

ಮಿನ್-ಹೀ ತಲೆ ತಗ್ಗಿಸಿದಳು. ಮುಗಿಯಿತು ಅಂದುಕೊಂಡೆ. ಅಷ್ಟರಲ್ಲಿ ಅವಳ ಹುಬ್ಬು ಏರಿತು, ಒಂದು ಕೈ ಸೊಂಟಕ್ಕೆ ಹೋಯಿತು. "ವಾಟ್ ಕ್ವೆಶ್ಚನ್ ಈಸ್ ದಿಸ್, ಮಾರಾಯ್ರೆ?" ಎಂದಳು. "ಆಸ್ಕ್ ಬಂಕರ್ ಶಾಟ್. ಐ ವಿಲ್ ಟೆಲ್."

ಸುತ್ತಲಿದ್ದವರು ಗೊಳ್ಳೆಂದರು. ಮೈಕಿನವನು ಕೆಂಪಗಾಗಿ, ಆಮೇಲೆ ಅದನ್ನೇ ಕೇಳಿದ. ಅವಳು ಮರಳು ಎಷ್ಟು ಮೆದುವಾಗಿತ್ತು, ಯಾಕೆ ಚೆಂಡಿನ ಹಿಂದೆ ಹೊಡೆದದ್ದು ಎಂದು ಹರಕು ಇಂಗ್ಲಿಷಿನಲ್ಲಿ, ಎರಡೂ ಕೈಗಳಲ್ಲಿ ವಿವರಿಸಿದಳು. ಅಷ್ಟು ಸಂತೋಷದ ಮುಖವನ್ನು ನಮ್ಮ ಪತ್ರಿಕಾಗೋಷ್ಠಿಯಲ್ಲಿ ನಾನು ಒಮ್ಮೆಯೂ ಕಂಡಿರಲಿಲ್ಲ. ಚೋಯ್ ಚೀಲಕ್ಕೆ ಒರಗಿ ಕಣ್ಣೊರೆಸಿಕೊಳ್ಳುತ್ತಿದ್ದರು. ಭಯದಿಂದಲೋ ಹೆಮ್ಮೆಯಿಂದಲೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಕೆಲವು ದಿನಗಳಲ್ಲೇ ಅವರು ಪೇರಳೆಯಂಥ ದೊಡ್ಡ ದೊಡ್ಡ ಹಣ್ಣುಗಳ ಡಬ್ಬಿ ಹಿಡಿದು ಬಂದರು. ಪ್ರಾಯೋಜಕರಿಗೆ ಬಹಳ ಖುಷಿಯಂತೆ. ಹುಡುಗಿ ಜನರ ನೆನಪಿನಲ್ಲಿ ಉಳಿದಳಂತೆ. ಅಮೆರಿಕಕ್ಕೆ ಹೋಗುವುದು ಖಾತ್ರಿ. ನಾನು ಎದೆಯುಬ್ಬಿಸುವಷ್ಟರಲ್ಲಿ ಫೋನು ಮುಂದುವರಿಸಿತು: "ಅವಳ ಉಚ್ಚಾರ ಸರಿಪಡಿಸಲು ಕಂಪೆನಿಯವರು ಒಬ್ಬ ಶಿಕ್ಷಕಿಯನ್ನು ನೇಮಿಸಿದ್ದಾರೆ."

ಸರಿಪಡಿಸಲು! ಅದಕ್ಕೆ ಎಂತ ಆಗಿತ್ತಂತೆ? ಇಡೀ ಜಗತ್ತಿಗೆ ಅರ್ಥವಾದ ಇಂಗ್ಲಿಷು ಈ ಕಂಪೆನಿಗೆ ಮಾತ್ರ ಅರ್ಥವಾಗಲಿಲ್ಲವೇ? ಹಣ್ಣು ಹೆಚ್ಚುತ್ತಿದ್ದ ಶೋಭಾಳ ಎದುರು ಬಹಳ ಹೊತ್ತು ಕೂಗಾಡಿದೆ. ಅವಳು ಒಂದು ಹೋಳನ್ನು ನನ್ನ ಬಾಯಿಗಿಟ್ಟಳು.

ಆ "ಮಾರಾಯ್ರೆ" ವಿಡಿಯೋ ದುಬೈಯ ನಮ್ಮೂರಿನವರ ಫೋನುಗಳಲ್ಲೆಲ್ಲ ಓಡಾಡಿತು. ಕಲಿಸಿದವರು ಯಾರೆಂದು ಹುಡುಕಿ, ಊರಿನವರ ಸಂಘದ ಪತ್ರಿಕೆಯಿಂದ ಒಬ್ಬಳು ಹುಡುಗಿ ಸಂದರ್ಶನಕ್ಕೆ ಬಂದಳು. ಹೆಣ್ಣುಮಕ್ಕಳ ಆಟ, ಕೊರಿಯಾದ ಸಾಧನೆ, ಮೈಕಿನವರ ದುರ್ಬುದ್ಧಿ ಇವುಗಳ ಬಗ್ಗೆ ಖಾರವಾಗಿ ಮಾತಾಡಲು ಇಸ್ತ್ರಿ ಅಂಗಿ ಹಾಕಿ ಕೂತಿದ್ದೆ. ಅವಳು ಫೋನನ್ನು ಮೇಜಿನ ಮೇಲಿಟ್ಟು ಕೇಳಿದಳು: "ಸರ್, ಈ ಪ್ರಾಯದಲ್ಲೂ ನಿಮ್ಮ ತಲೆಕೂದಲು ಇಷ್ಟು ಕಪ್ಪಗೆ ಹೇಗೆ?"

ನಾನು ಸಿಡಿಯುವುದನ್ನು ನೋಡಲು ಶೋಭಾ ಅಡುಗೆಮನೆಯಿಂದ ಇಣುಕಿದಳು. ನಾನು ತೆಂಗಿನೆಣ್ಣೆಯಿಂದ ಶುರುಮಾಡಿ, ಕರಿಬೇವಿಗೆ ಬಂದು, ನಮ್ಮ ಅಪ್ಪನ ಕೂದಲನ್ನೂ ಮುಗಿಸುವ ಹೊತ್ತಿಗೆ ಹುಡುಗಿ ಎರಡು ಲೋಟ ಚಹಾ ಕುಡಿದಾಗಿತ್ತು. ಅವಳು ಲಿಫ್ಟು ಹತ್ತಿದ ಮೇಲೆಯೇ ನೆನಪಾದದ್ದು, ಕೊರಿಯಾದ ಸುದ್ದಿಯೇ ಬರಲಿಲ್ಲವೆಂದು. ಪತ್ರಿಕೆಯಲ್ಲಿ ನನ್ನ ದೊಡ್ಡ ಫೋಟೋ ಬಂತು, ಕೂದಲು ಬಹಳ ಚೆನ್ನಾಗಿ ಬಂದಿತ್ತು. ಹೆಚ್ಚಿನ ಪ್ರತಿಗಳಿದ್ದರೆ ಕೊಡಿ ಎಂದು ಸಂಘಕ್ಕೆ ಫೋನು ಮಾಡಿದವನೂ ನಾನೇ.