ಇಪ್ಪತ್ತು ಚೀಟಿ, ಒಂದು ಫ್ಲೆಕ್ಸ್

ಎಲ್ಲದಕ್ಕೂ ಕಾರಣ ಯಶೋದಮ್ಮನ ಬೋಳು ಕೊರಳು.

ಮಿದುಳಿನ ಸ್ಕ್ಯಾನಿಂಗ್‌ಗೆ ಬರುವಾಗ ಮೈಮೇಲೆ ಲೋಹದ ಚೂರೂ ಇರಬಾರದು, ಮನೆಯಲ್ಲೇ ಬಿಚ್ಚಿಟ್ಟು ಬನ್ನಿ ಎಂದು ಸೌಮ್ಯಶ್ರೀ ಮೇಡಂ ಹೇಳಿದ್ದರು. ಒಂದಕ್ಷರವೂ ಬಾರದವರ ಮಿದುಳಿನ ಚಿತ್ರ ತೆಗೆದು, ಆರು ತಿಂಗಳು ಓದು ಕಲಿಸಿ, ಮತ್ತೆ ಚಿತ್ರ ತೆಗೆದು, ಒಳಗೇನು ಬದಲಾಯಿತೆಂದು ನೋಡುವುದು ಅವರ ಸಂಶೋಧನೆ. ಯಶೋದಮ್ಮನಿಗೆ ಬೇಕಿದ್ದದ್ದು ನಡುವಿನ ಆರು ತಿಂಗಳು. ಹೋದ ವರ್ಷ ಗಾರ್ಮೆಂಟ್ಸ್‌ನಲ್ಲಿ ಬೋನಸ್ ಫಾರಂ ಎಂದು ನಂಬಿ ಹೆಬ್ಬೆಟ್ಟು ಒತ್ತಿದ್ದ ಕಾಗದ ರಾಜೀನಾಮೆ ಪತ್ರವಾಗಿತ್ತು. ಅಂದಿನಿಂದ ಕಾಗದ ಕಂಡರೆ ಹಾವು ಕಂಡಂತೆ ಬೆಚ್ಚುತ್ತಿದ್ದಳು.

ತಾಳಿ, ಕಾಲುಂಗುರ ಬಿಚ್ಚಿ ಅಕ್ಕಿ ಡಬ್ಬದಲ್ಲಿಟ್ಟಳು. ಬದಲಿಗೆ ಅರಿಶಿನದ ಕೊಂಬನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿ, ರವಿಕೆಯೊಳಗೆ ಸೇರಿಸಿದಳು. ಬಾಗಿಲು ಎಳೆಯುವಷ್ಟರಲ್ಲಿ ಎದುರುಮನೆಯ ಚಿಕ್ಕಗಂಗಮ್ಮ ಕಸಬರಿಕೆ ಹಿಡಿದು ನಿಂತಿದ್ದಳು. ಲಗ್ಗೆರೆಯ ಆ ಬೀದಿಗೆ ಸಿ.ಸಿ. ಕ್ಯಾಮೆರಾ ಹಾಕಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

"ಎಲ್ಲಿಗಮ್ಮಿ ಇಷ್ಟೊತ್ಗೇ?"

ನಲವತ್ತೆರಡರಲ್ಲಿ ಅ ಆ ಕಲಿಯೋಕೆ ಎನ್ನಲು ನಾಚಿಕೆಯಾಯಿತು. "ಆಸ್ಪತ್ರೆಗೆ ಕಣಕ್ಕ."

"ಕೊಳ್ಳಲ್ಲಿ ತಾಳಿ ಎಲ್ಲೇ? ನಾಗರಾಜು ಎಲ್ಲವ್ನೆ?"

"ಟೆಂಪೋಲಿ ಲೋಡ್ ತಗೊಂಡೋಗಿ ಎರಡ್ ದಿನ ಆಯ್ತು, ಫೋನೂ ಸಿಗ್ತಿಲ್ಲ. ಬಂದ್ಮೇಲೆ ಹೇಳ್ತೀನಿ," ಎಂದು ಬಸ್ಸಿಗೆ ಓಡಿದಳು.

ಚಿಕ್ಕಗಂಗಮ್ಮ ಬೋಳು ಕೊರಳು, ಆಸ್ಪತ್ರೆ, ಸಿಗದ ಫೋನು ಮೂರನ್ನೂ ಕೂಡಿಸಿದಳು. ಕಸಬರಿಕೆ ಕೈಯಿಂದ ಬಿತ್ತು.

ಅತ್ತ ಮೇಡಂ ಪದ ಬರೆದ ಇಪ್ಪತ್ತು ಚೀಟಿ ತೋರಿಸಿದರು. ಯಶೋದಮ್ಮನಿಗೆ ಎಲ್ಲವೂ ಜಿಲೇಬಿ. "ವೆರಿ ಗುಡ್! ನಮಗೆ ಇಂಥವರೇ ಬೇಕು," ಎಂದು ಮೇಡಂ ಹಿಗ್ಗಿದರು. ಏನೂ ಬಾರದ್ದಕ್ಕೆ ಯಾರಾದರೂ ಅವಳನ್ನು ಹೊಗಳಿದ್ದು ಜೀವನದಲ್ಲಿ ಅದೇ ಮೊದಲು. ಆಮೇಲೆ ಪೀಣ್ಯದ ಫ್ಯಾಕ್ಟರಿಯ ಪ್ರೆಸ್ ಮೆಷಿನ್ನಿನಂತೆ ಅರಚುವ ಕೊಳವೆಯೊಳಗೆ ಮುಕ್ಕಾಲು ಗಂಟೆ ಹೆಣದಂತೆ ಮಲಗಿದಳು. ಸಂಜೆ, ಗಂಡ ಬಂದಿರಬಹುದೆಂದು, ಒಪ್ಪಿಗೆ ಫಾರಂಗೆ ಅವನ ಸಹಿ ಪಡೆಯಲು ಮೇಡಂ ಆಟೋದಲ್ಲಿ ಜೊತೆಗೇ ಬಂದರು.

ಬೀದಿ ತಿರುವಿನ ಕರೆಂಟ್ ಕಂಬದಲ್ಲಿ ದೊಡ್ಡ ಫ್ಲೆಕ್ಸ್. ಕೂಲಿಂಗ್ ಗ್ಲಾಸ್ ಹಾಕಿ ನಗುತ್ತಿರುವ ನಾಗರಾಜು. ಕೆಳಗೆ ಕಪ್ಪಕ್ಷರ.

"ಅಯ್ಯೋ! ಶ್ರದ್ಧಾಂಜಲಿ! ನನ್ ಗಂಡಂಗೆ ಶ್ರದ್ಧಾಂಜಲಿ!" ಯಶೋದಮ್ಮ ಆಟೋದಿಂದ ಉರುಳಿದಳು.

ಹೆಂಗಸರು ಮುತ್ತಿಕೊಂಡು ಗೊಳೋ ಎಂದರು. "ಬೆಳಿಗ್ಗೆ ನಿನ್ ಕೊಳ್ ನೋಡೇ ಗೊತ್ತಾಯ್ತು ಕಣವ್ವಾ. ನಮ್ ಹುಡ್ಗ ಸಂಪತ್ತೇ ತನ್ ಫ್ಲೆಕ್ಸ್ ಅಂಗಡೀಲಿ ಪ್ರಿಂಟ್ ಹಾಕ್ಸ್ದ," ಎಂದಳು ಚಿಕ್ಕಗಂಗಮ್ಮ.

"ಅದು ಸ್ಕ್ಯಾನಿಂಗ್‌ಗೆ ಬಿಚ್ಚಿದ್ದು ಕಣಕ್ಕಾ!" ಯಶೋದಮ್ಮ ಅರಿಶಿನದ ಕೊಂಬು ಹೊರಗೆಳೆದಳು. ಅಳು ಕರೆಂಟ್ ಹೋದ ಮಿಕ್ಸಿಯಂತೆ ನಿಂತಿತು.

ಆದರೆ ಮೇಡಂ ಮುಖ ಬಿಗಿದಿತ್ತು. "ಅಷ್ಟು ಕಷ್ಟದ ಪದ ಓದಿದ್ರಲ್ಲ! ಬೆಳಿಗ್ಗೆ ಇಪ್ಪತ್ತು ಚೀಟೀಲೂ ನಾಟಕ ಆಡಿದ್ರಾ?"

"ಓದಿದ್ದಲ್ಲ ಮೇಡಂ! ಯಾರ್ ಸತ್ರೂ ಈ ಕಂಬಕ್ಕೆ ಅದನ್ನೇ ಕಟ್ತಾರೆ. ನೋಡಿ ನೋಡಿ ಗುರ್ತು ಸಿಕ್ಬಿಟ್ಟಿದೆ, ಅಷ್ಟೇ..."

"ಒಂದು ಪದ ಬಂದ್ರೂ ನಮಗೆ ಆಗಲ್ಲ." ಮೇಡಂ ಫಾರಂ ಹರಿದರು.

ಅಷ್ಟರಲ್ಲಿ ಟೆಂಪೋ ಬಂದು ನಿಂತಿತು. ಇಳಿದ ನಾಗರಾಜು ತನ್ನ ಫೋಟೋ ನೋಡಿ ಎದೆಯುಬ್ಬಿಸಿದ. "ಇವತ್ತು ನನ್ ಬರ್ತ್‌ಡೇನಾ? ಏನ್ ಬರ್ದವ್ರೆ, ಯಾರಾದ್ರೂ ಓದ್ರಪ್ಪಾ!"

"ನಿಮ್ಮ ಹೆಂಡತೀನೇ ಕೇಳಿ. ಚೆನ್ನಾಗೇ ಓದ್ತಾರೆ," ಎಂದು ಮೇಡಂ ಆಟೋ ಹತ್ತಿದರು.

ನಾಗರಾಜುವಿನ ನಗು ನಿಧಾನವಾಗಿ ಇಳಿಯಿತು. ಹೆಂಡತಿಯ ಕಡೆ ತಿರುಗಿದ.

"ಓದೋಕ್ ಬರುತ್ತೇನೇ ನಿಂಗೆ? ಮತ್ತೆ... ಆ ರಾಜೀನಾಮೆಗೆ ಓದ್ಕೊಂಡೇ ಹೆಬ್ಬೆಟ್ಟು ಒತ್ತಿದ್ಯಾ?"